ಊರಿಗೆ ಬಸ್ಸು, ಬಸ್ಸಿಗೆ ರಸ್ತೆ: ಎರಡಕ್ಕೂ ಖಾಯಂ ದುಡ್ಡು ಎಲ್ಲಿಂದ ಬರಬೇಕು?

ತುಂಗಾತೀರ (ಕೊಪ್ಪ):

ಸಹಕಾರ ಸಾರಿಗೆ ನಿಂತು ಇಷ್ಟು ವರ್ಷವಾದರೂ ನಮ್ಮ ಕಡೆ ಅದರ ಮಾತು ನಿಂತಿಲ್ಲ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಖಾಸಗಿ ಕಂಪನಿಯಲ್ಲಿ ಕೆಲಸ ಕಳೆದುಕೊಂಡ ಬಸ್ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಂಘ ಅದು. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ ಎಲ್ಲರೂ ಪಾಲುದಾರರು. ಮಧ್ಯೆ ಲಾಭ ತೆಗೆದುಕೊಂಡು ಹೋಗುವ ಧಣಿ ಯಾರೂ ಇರಲಿಲ್ಲ. ಮಲೆನಾಡಿನ ಒಳಹಳ್ಳಿಗಳಿಗೆ ಬಸ್ಸು ಬಿಡುತ್ತಿದ್ದರು, ಓದುವ ಮಕ್ಕಳಿಗೆ ರಿಯಾಯಿತಿ ಪಾಸು ಕೊಡುತ್ತಿದ್ದರು. ಸುಮಾರು ಮೂರು ದಶಕ ನಡೆಯಿತು. 2020ರ ಫೆಬ್ರವರಿಯಲ್ಲಿ ಬಸ್ಸುಗಳು ನಿಂತವು. ಡೀಸೆಲ್ ಏರಿತು, ವಿಮೆ ಏರಿತು, ಸಾಲ ಬೆಳೆಯಿತು, ಊರವರು ಬೈಕು ಕೊಂಡರು.

ಈ ಉದಾಹರಣೆ ಎತ್ತಿಕೊಂಡದ್ದಕ್ಕೆ ಕಾರಣ ಇದೆ. ಬಸ್ಸು ನಷ್ಟದಲ್ಲಿದೆ ಎಂದ ಕೂಡಲೇ ಸೋಮಾರಿ ನೌಕರರು, ಕಳ್ಳ ಅಧಿಕಾರಿಗಳು ಎಂಬ ಮಾತು ಬರುತ್ತದೆ. ಇಲ್ಲಿ ನೌಕರನೇ ಮಾಲೀಕ. ಒಂದು ಲೀಟರ್ ಡೀಸೆಲ್ ಉಳಿದರೂ ಅದು ಅವನದೇ ಉಳಿತಾಯ. ಅಂಥವರಿಂದಲೂ ಬರೀ ಟಿಕೆಟ್ ದುಡ್ಡಿನಲ್ಲಿ ಈ ಕಾಡು-ಗುಡ್ಡದ ಸೀಮೆಯಲ್ಲಿ ಬಸ್ಸು ಉಳಿಸಿಕೊಳ್ಳಲು ಆಗಲಿಲ್ಲ. ನಮ್ಮಲ್ಲಿ ಊರು ಎಂದರೆ ಗುಂಪು ಮನೆಗಳಲ್ಲ. ಒಂದು ಮನೆ ಈ ದಿಬ್ಬದ ಮೇಲೆ, ಇನ್ನೊಂದು ಆ ತೋಟದಾಚೆ. ಹತ್ತು ಕಿಲೋಮೀಟರ್ ಓಡಿದರೆ ಎಂಟು ಜನ ಹತ್ತಬಹುದು. ಆ ಎಂಟು ಜನರ ಟಿಕೆಟ್ಟಿನಲ್ಲಿ ಬಸ್ಸಿನ ಖರ್ಚು ಹುಟ್ಟುವುದಿಲ್ಲ, ಯಾವ ಕಾಲಕ್ಕೂ ಹುಟ್ಟುವುದಿಲ್ಲ. ಸರ್ಕಾರಿ ಆಸ್ಪತ್ರೆಯನ್ನು ಚೀಟಿ ದುಡ್ಡಿನಲ್ಲೇ ನಡೆಸಿ ಎಂದು ಯಾರೂ ಕೇಳುವುದಿಲ್ಲವಲ್ಲ.

ಹಾಗಾಗಿ ನನ್ನ ಪ್ರಶ್ನೆ ಬಸ್ಸು ಲಾಭ ಮಾಡುತ್ತದೋ ಇಲ್ಲವೋ ಎಂಬುದಲ್ಲ. ಪ್ರತಿ ವರ್ಷ, ಸರ್ಕಾರ ಯಾವುದೇ ಬರಲಿ, ಬಸ್ಸಿಗೂ ರಸ್ತೆಗೂ ಇಂತಿಷ್ಟು ಎಂದು ಬರುವ ಖಾಯಂ ಹಣ ಯಾವುದಾಗಬೇಕು? ಬೇರೆ ಬೇರೆ ಜಿಲ್ಲೆಯವರು, ಒಳಗಿನ ಕೆಲಸ ಗೊತ್ತಿದ್ದವರು ಬರೆಯಿರಿ.

ಜಿಎಸ್‌ಟಿ ರಸೀದಿ (ತುಮಕೂರು):

ಸಾರ್, ನಿಮ್ಮ ಕಳಕಳಿ ಒಪ್ಪುತ್ತೇನೆ. ಆದರೆ ಕೊಡುವವರ ಕಡೆಯಿಂದಲೂ ಒಂದು ಮಾತು ಕೇಳಿ. ನನ್ನದು ಸಣ್ಣ ಪ್ಯಾಕಿಂಗ್ ಘಟಕ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು 25.92ರಿಂದ 29.84 ಶೇಕಡಕ್ಕೆ, ಡೀಸೆಲ್ ಮೇಲಿನದ್ದನ್ನು 14.34ರಿಂದ 18.44 ಶೇಕಡಕ್ಕೆ ಏರಿಸಿತು. 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮತ್ತೆ ಏರಿ 21.17 ಆಯಿತು. ಅದೇ ವರ್ಷದ ಜನವರಿಯಲ್ಲಿ ನಾಲ್ಕೂ ಸರ್ಕಾರಿ ಸಾರಿಗೆ ನಿಗಮಗಳ ಬಸ್ ದರ 15 ಶೇಕಡ ಹೆಚ್ಚಾಯಿತು. ಶಕ್ತಿ ಯೋಜನೆಗೆ ವರ್ಷಕ್ಕೆ 5 ಸಾವಿರ ಕೋಟಿಗೂ ಮಿಗಿಲಾಗಿ ಬಜೆಟ್‌ನಲ್ಲಿ ಇಡುತ್ತಾರೆ. ವಾಹನ ಕೊಂಡಾಗ ರಸ್ತೆ ತೆರಿಗೆ, ಹೆದ್ದಾರಿ ಹತ್ತಿದರೆ ಟೋಲ್, ಇಂಧನದಲ್ಲಿ ಸೆಸ್. ಇಷ್ಟು ಕೊಟ್ಟ ಮೇಲೂ ನಮ್ಮ ಕೈಗಾರಿಕಾ ಪ್ರದೇಶದ ರಸ್ತೆಯಲ್ಲಿ ಲಾರಿ ಆಕ್ಸಲ್ ಮುರಿಯುತ್ತದೆ. ಇನ್ನಷ್ಟು ದುಡ್ಡು ಬೇಕು ಎನ್ನುವ ಮೊದಲು ಕೊಟ್ಟದ್ದು ಎಲ್ಲಿ ಹೋಯಿತು ಎಂದು ಕೇಳಬೇಡವೇ?

ನಿವೃತ್ತ ನಿರ್ವಾಹಕ (ಗದಗ):

ಕೇಳ್ರಿ, ಕೇಳಬೇಕ ಮತ್ತ. ನಾನು ಹೆಗಲಿಗೆ ಚೀಲಾ ಹಾಕ್ಕೊಂಡು ನೌಕರಿ ಮುಗಿಸಿದಾವ. ಒಳಗಿನ ಲೆಕ್ಕ ಎಲ್ಲಾರಿಗೂ ಗೊತ್ತಾಗಲಿ ಅಂತ ಬರೀತೀನಿ.

ನಮ್ಮ ನಿಗಮಗಳು ಇರೋದು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆ ಮ್ಯಾಲ. ಅದರ 22ನೇ ಕಲಂ ಹೇಳತೈತಿ, ನಿಗಮ ವ್ಯಾಪಾರದ ತತ್ವದ ಮ್ಯಾಲ ನಡೀಬೇಕು ಅಂತ. ಆದ್ರ ಶಾಸಕರು ಫೋನ್ ಹಚ್ಚಿ ಹೇಳೋದೇನು? ನಮ್ಮ ಊರಿಗೆ ವಸ್ತಿ ಬಸ್ ಬಿಡ್ರಿ, ಸಾಲಿ ಹುಡುಗರಿಗೆ ಪಾಸ್ ಕೊಡ್ರಿ, ಜಾತ್ರಿಗೆ ಗಾಡಿ ಕೊಡ್ರಿ, ದರ ಮಾತ್ರ ಏರಿಸಬ್ಯಾಡ್ರಿ. ಅವರು ಕೇಳೋದು ತಪ್ಪಲ್ಲ, ಜನಕ್ಕ ಬೇಕು. ಆದ್ರ ಹಂಗ ಕೇಳಿದಾಗ ಅದರ ಖರ್ಚು ಇಷ್ಟು, ಅದನ್ನ ಇಂಥಾ ತಾರೀಖಿನೊಳಗ ಕೊಡತೀವಿ ಅಂತ ಬರದು ಕೊಡೋ ಪದ್ಧತಿನ ಇಲ್ಲ. ವ್ಯಾಪಾರ ಮಾಡು ಅಂತ ಕಾಯ್ದೆ ಹೇಳತೈತಿ, ಸೇವೆ ಮಾಡು ಅಂತ ಊರು ಹೇಳತೈತಿ. ನಡುವಿನ ಖಡ್ಡಾಕ್ಕ ಬೀಳೋವು ಡಿಪೊ ಮತ್ತ ನೌಕರರು.

ಆ ಖಡ್ಡಾ ಎಷ್ಟು ಆಳ ಅಂದ್ರ, ನೌಕರರ ಭವಿಷ್ಯನಿಧಿ ಮತ್ತ ಡೀಸೆಲ್ ಬಾಕಿ ಕಟ್ಟಾಕ ನಾಲ್ಕೂ ನಿಗಮ ಸೇರಿ 2,000 ಕೋಟಿ ಸಾಲಾ ತಗೊಳ್ಳಾಕ ಸಚಿವ ಸಂಪುಟ ಒಪ್ಪಿಗಿ ಕೊಡಬೇಕಾತು. ಹೊಸಾ ಬಸ್ ಕೊಳ್ಳಾಕ ಅಲ್ರಿ, ಹಳೇ ಬಾಕಿ ತೀರಿಸಾಕ. 2020ರ ಜನವರಿಯಿಂದ 38 ತಿಂಗಳ ವೇತನ ಹಿಂಬಾಕಿ ಕೇಳಿ 2025ರ ಆಗಸ್ಟ್ 5ಕ್ಕ ನೌಕರರು ಮುಷ್ಕರಕ್ಕ ಇಳಿದರು. ನೌಕರನ ಪಗಾರದ ಬಾಕಿ, ಪಿಎಫ್ ಬಾಕಿ ಇಟ್ಟಗೊಂಡು ಅಗ್ಗದ ಟಿಕೆಟ್ ಕೊಡೋದು ಅಂದ್ರ ಆ ಸಬ್ಸಿಡಿ ಸರ್ಕಾರ ಕೊಟ್ಟಿದ್ದಲ್ಲ, ನೌಕರ ಕೊಟ್ಟಿದ್ದು.

ಶಕ್ತಿ ಬಗ್ಗೆ. 2023ರ ಜೂನ್ 11ರಿಂದ ಹೆಣ್ಣಮಕ್ಕಳು ಪುಕ್ಕಟೆ ಹತ್ತಾಕತ್ತಿದ್ದು ನನಗ ಭಾಳ ಸಂತೋಷ. ಆದ್ರ ಸರ್ಕಾರ ಕೊಡೋದು ಶೂನ್ಯ ಟಿಕೆಟ್ಟಿನ ಬೆಲಿ. ಅಂದ್ರ ಹತ್ತಿದವರ ಲೆಕ್ಕ. ತುಂಬಿ ತುಳುಕೋ ಹುಬ್ಬಳ್ಳಿ ಗಾಡಿಗೆ ಭಾಳ ರೊಕ್ಕ ಬರತೈತಿ, ಹನ್ನೆರಡು ಮಂದಿ ಹತ್ತೋ ಹಳ್ಳಿ ಗಾಡಿಗೆ ಹನ್ನೆರಡು ಮಂದೀದಷ್ಟ. ಡಿಪೊದಾಗ ಪ್ರತಿ ಟ್ರಿಪ್ಪಿಗೂ ಇಪಿಕೆಎಂ ನೋಡತಾರ, ಕಿಲೋಮೀಟರಿಗೆ ಎಷ್ಟು ಗಳಿಕಿ ಅಂತ. ಡ್ರೈವರ್ ಕಡಿಮಿ ಬಿದ್ದ ದಿನ, ಗಾಡಿ ಕೆಟ್ಟ ದಿನ ಮೊದಲ ಕ್ಯಾನ್ಸಲ್ ಆಗೋದು ಇಪಿಕೆಎಂ ಕಡಿಮಿ ಇದ್ದ ಹಳ್ಳಿ ಟ್ರಿಪ್. ಟಿಕೆಟ್ ಪುಕ್ಕಟೆ ಆತು, ಬಸ್ಸ ಬರಲಿಲ್ಲ.

ಮೇಷ್ಟ್ರಮ್ಮ (ಯಾದಗಿರಿ ಜಿಲ್ಲೆ):

ನಿರ್ವಾಹಕ ಅಣ್ಣನವರು ಬರೆದ ಕೊನೆಯ ಸಾಲು ನಮ್ಮ ಊರಿನ ಸ್ಥಿತಿ. ನಾನು ಪ್ರೌಢಶಾಲೆಯಲ್ಲಿ ಕಲಿಸುತ್ತೇನೆ. ಹತ್ತನೇ ತರಗತಿ ಪಾಸಾದ ಹುಡುಗಿಯನ್ನು ಪಿಯುಸಿಗೆ ಕಳಿಸಿ ಎಂದು ಮನೆಗೆ ಹೋಗಿ ಹೇಳುವಾಗ ತಂದೆ-ತಾಯಿ ಫೀಸಿನ ಮಾತು ಆಡುವುದಿಲ್ಲ. ‘ಸಂಜೆ ಬಸ್ಸು ಎಷ್ಟಕ್ಕೆ?’ ಎಂದು ಕೇಳುತ್ತಾರೆ. ತಾಲ್ಲೂಕು ಕೇಂದ್ರದಲ್ಲಿ ಕಾಲೇಜು ಬಿಡುವುದಕ್ಕೂ ಬಸ್ಸು ಹೊರಡುವುದಕ್ಕೂ ಹೊಂದಾಣಿಕೆ ಇಲ್ಲ. ಪ್ರಾಕ್ಟಿಕಲ್ ಇದ್ದ ದಿನ ಕೊನೇ ಬಸ್ಸು ತಪ್ಪುತ್ತದೆ. ಎರಡು ಸಲ ಹಾಗೆ ಆದರೆ ಮೂರನೇ ಸಲ ಆ ಹುಡುಗಿ ಕಾಲೇಜಿಗೇ ಹೋಗುವುದಿಲ್ಲ. ವಿಜ್ಞಾನ ತೆಗೆದುಕೊಳ್ಳಬೇಕಿದ್ದವಳು ಪ್ರಾಕ್ಟಿಕಲ್ ಇಲ್ಲದ ವಿಷಯ ತೆಗೆದುಕೊಂಡಿದ್ದನ್ನು ಕಂಡಿದ್ದೇನೆ. ಕಾರಣ ಅಂಕವಲ್ಲ, ಬಸ್ಸು.

ಶಕ್ತಿ ಬಂದ ಮೇಲೆ ನಮ್ಮ ಕಡೆಯ ಹೆಂಗಸರು ಕಲಬುರಗಿ ಆಸ್ಪತ್ರೆಗೆ ಗಂಡನ ಹತ್ತಿರ ದುಡ್ಡು ಕೇಳದೆ ಹೋಗಿಬರುತ್ತಾರೆ. ಅದು ಸಣ್ಣ ವಿಷಯ ಅಲ್ಲ, ಯಾರೂ ಅದನ್ನು ಹಗುರವಾಗಿ ಮಾತನಾಡಬಾರದು. ತುಮಕೂರಿನ ಸರ್, ನೀವು ಕೊಟ್ಟ ತೆರಿಗೆಯಲ್ಲಿ ಸ್ವಲ್ಪ ಅಲ್ಲಿಗೆ ಹೋಗಿದೆ. ಉಳಿದಿರುವುದು ಟ್ರಿಪ್ ಹೆಚ್ಚಿಸುವ ಕೆಲಸ. ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ನಮ್ಮ ಹಿಂದುಳಿದ ಭಾಗಕ್ಕೆ ವಿಶೇಷವಾಗಿ ಬರುವ ಹಣ ಹೆಚ್ಚಾಗಿ ಕಟ್ಟಡವಾಗಿ, ರಸ್ತೆಯಾಗಿ ಕಾಣಿಸುತ್ತದೆ. ಕಾಲೇಜು ಕಟ್ಟಡಕ್ಕೆ ಕೊಟ್ಟ ದುಡ್ಡಿನ ಜೊತೆಗೆ ಆ ಕಾಲೇಜಿಗೆ ಮಕ್ಕಳನ್ನು ತರುವ ಬಸ್ಸಿನ ವರ್ಷದ ಖರ್ಚೂ ಬರಬೇಕು.

ಮೋರಿ-ಚರಂಡಿ (ನಿವೃತ್ತ ಎಂಜಿನಿಯರ್):

ಜಿಎಸ್‌ಟಿ ರಸೀದಿಯವರ ಆಕ್ಸಲ್ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಗ್ರಾಮೀಣ ರಸ್ತೆಗಳಲ್ಲೇ ನನ್ನ ಸೇವೆ ಕಳೆಯಿತು.

ರಸ್ತೆಯನ್ನು ಕೆಡಿಸುವುದು ಎರಡು: ನೀರು ಮತ್ತು ಮಿತಿಮೀರಿದ ಭಾರ. ಭಾರದ ವಿಷಯ ಜನರಿಗೆ ಅಷ್ಟಾಗಿ ಗೊತ್ತಿಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ದೊಡ್ಡ ಪ್ರಯೋಗ ನಡೆಸಿ ಕಂಡುಕೊಂಡ ನಿಯಮ ಒಂದಿದೆ. ಆಕ್ಸಲ್ ಮೇಲಿನ ಭಾರ ಹೆಚ್ಚಿದಂತೆ ರಸ್ತೆಗಾಗುವ ಹಾನಿ ಸರಿಸುಮಾರು ಅದರ ನಾಲ್ಕನೇ ಘಾತದಷ್ಟು ಹೆಚ್ಚುತ್ತದೆ. ಭಾರ 20 ಶೇಕಡ ಹೆಚ್ಚಾದರೆ ಹಾನಿ ದುಪ್ಪಟ್ಟು. ಅಂದರೆ ಮಿತಿಮೀರಿ ಜಲ್ಲಿ ತುಂಬಿದ ಒಂದು ಟಿಪ್ಪರ್ ಮಾಡುವ ಹಾನಿಯನ್ನು ಊರಿನ ಸ್ಕೂಟರುಗಳೆಲ್ಲ ಸೇರಿದರೂ ಮಾಡಲಾರವು. ಹಳ್ಳಿ ರಸ್ತೆಯನ್ನು ಹಳ್ಳಿಯ ಸಂಚಾರಕ್ಕೆ ಅಂತ ವಿನ್ಯಾಸ ಮಾಡಿರುತ್ತೇವೆ. ಪಕ್ಕದಲ್ಲಿ ಕ್ವಾರಿ ಶುರುವಾದರೆ ಎರಡು ಮಳೆಗಾಲದಲ್ಲಿ ಅದು ಮುಗಿಯಿತು.

ಇನ್ನು ನೀರು. ಚರಂಡಿ ಕಟ್ಟಿಕೊಂಡರೆ ನೀರು ರಸ್ತೆಯ ಮೇಲೆ ನಿಲ್ಲುತ್ತದೆ, ಬಿರುಕಿನಿಂದ ಕೆಳಗಿಳಿದು ಜಲ್ಲಿ ಪದರ ಸಡಿಲವಾಗುತ್ತದೆ, ಮೇಲಿನ ಡಾಂಬರು ಕಿತ್ತುಬರುತ್ತದೆ. ಜೂನ್‌ಗೆ ಮೊದಲು ಚರಂಡಿ, ಮೋರಿ ಬಿಡಿಸಿ, ಸಣ್ಣ ಬಿರುಕಿಗೆ ಸೀಲ್ ಹಾಕಿದರೆ ಆ ರಸ್ತೆಯ ಆಯುಸ್ಸು ಎಷ್ಟೋ ವರ್ಷ ಬೆಳೆಯುತ್ತದೆ. ಹಿಂದೆ ಇದಕ್ಕೆ ಗ್ಯಾಂಗ್‌ಮನ್‌ಗಳಿದ್ದರು. ಇಂತಿಷ್ಟು ಮೈಲಿಗೆ ಇಂಥವರು ಎಂದು ಗುದ್ದಲಿ, ಬಾಣಲಿ ಹಿಡಿದು ಓಡಾಡುತ್ತಿದ್ದರು. ಅವರು ನಿವೃತ್ತರಾದ ಹಾಗೆ ಆ ಜಾಗಗಳು ಖಾಲಿ ಉಳಿದವು. ಈಗ ಚರಂಡಿಯಲ್ಲಿ ಮಣ್ಣು ತುಂಬಿದ್ದನ್ನು ನೋಡುವವರೇ ಇಲ್ಲ.

2000ದ ಡಿಸೆಂಬರ್ 25ರಂದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾಯಿತು. ನಾನು ಮನಸಾರೆ ಮೆಚ್ಚುವ ಯೋಜನೆ, ಏಕೆಂದರೆ ಅದರ ಗುತ್ತಿಗೆಯಲ್ಲೇ ಐದು ವರ್ಷದ ನಿರ್ವಹಣೆ ಸೇರಿರುತ್ತದೆ. ಮೊದಲು ಪೂರ್ತಿ ಕೇಂದ್ರದ ಹಣ, 2015-16ರಿಂದ ಕೇಂದ್ರ 60, ರಾಜ್ಯ 40. ಹಾಗಾದರೆ ಆರನೇ ವರ್ಷ ಯಾರು ನೋಡಿಕೊಳ್ಳಬೇಕು? ರಾಜ್ಯ. ಹೊಸ ರಸ್ತೆಗೆ ಗುದ್ದಲಿ ಪೂಜೆ ಇದೆ, ಫಲಕ ಇದೆ. ಹಳೆಯ ರಸ್ತೆಯ ಚರಂಡಿ ಬಿಡಿಸಿದ್ದಕ್ಕೆ ಯಾರ ಹೆಸರೂ ಬರುವುದಿಲ್ಲ. ಬಜೆಟ್ ಕಡಿಮೆಯಾದ ವರ್ಷ ಮೊದಲು ಕತ್ತರಿ ಬೀಳುವುದು ನಿರ್ವಹಣೆಗೆ. ಆಮೇಲೆ ಪೂರ್ತಿ ಹಾಳಾದ ರಸ್ತೆಯನ್ನು ಬುಡದಿಂದ ಕಟ್ಟಲು ಅದರ ಹಲವು ಪಟ್ಟು ಸುರಿಯುತ್ತೇವೆ. ‘ಕೊಟ್ಟ ದುಡ್ಡು ಎಲ್ಲಿ ಹೋಯಿತು’ ಎಂಬುದಕ್ಕೆ ಲಂಚವೂ ಒಂದು ಉತ್ತರ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪ್ರಾಮಾಣಿಕವಾಗಿ ಕಟ್ಟಿದ ರಸ್ತೆಯೂ ನಿರ್ವಹಣೆ ಇಲ್ಲದೆ ಸತ್ತಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಇಂಧನ ಸೆಸ್ ವಿಷಯವನ್ನೂ ಹೇಳಿಬಿಡುತ್ತೇನೆ. ಕೇಂದ್ರ ರಸ್ತೆ ನಿಧಿ ಕಾಯ್ದೆ ಬಂದದ್ದು 2000ದಲ್ಲಿ. 2018ರಲ್ಲಿ ಅದನ್ನು ‘ರಸ್ತೆ ಮತ್ತು ಮೂಲಸೌಕರ್ಯ ನಿಧಿ’ ಎಂದು ಹಿಗ್ಗಿಸಿದರು. ಸೆಸ್ ಆಗಿ ಸಂಗ್ರಹಿಸಿದ ಹಣ ರಾಜ್ಯಗಳಿಗೆ ಹಂಚುವ ತೆರಿಗೆ ರಾಶಿಗೆ ಸೇರುವುದಿಲ್ಲ. 2022ರ ಮೇ ತಿಂಗಳ ಕಡಿತದ ನಂತರ ಲೀಟರ್ ಪೆಟ್ರೋಲ್ ಮೇಲೆ ಕೇಂದ್ರದ ಎಕ್ಸೈಸ್ ಸುಂಕ 19 ರೂಪಾಯಿ 90 ಪೈಸೆ ಇತ್ತು. ಅದರಲ್ಲಿ ಹಂಚಿಕೆಗೆ ಬರುವ ಮೂಲ ಸುಂಕ 1 ರೂಪಾಯಿ 40 ಪೈಸೆ ಮಾತ್ರ. ಜೊತೆಗೆ 15ನೇ ಹಣಕಾಸು ಆಯೋಗದ ಶಿಫಾರಸಿನಲ್ಲಿ ಆ ಹಂಚುವ ರಾಶಿಯಲ್ಲಿನ ಕರ್ನಾಟಕದ ಪಾಲು 4.713ರಿಂದ 3.647 ಶೇಕಡಕ್ಕೆ ಇಳಿಯಿತು. ಹೆದ್ದಾರಿ ಹೊಳೆಯುತ್ತದೆ, ಅದರಿಂದ ಊರಿಗೆ ತಿರುಗುವ ಜಿಲ್ಲಾ ರಸ್ತೆ ಒಡೆದಿರುತ್ತದೆ. ಯಾವ ರಸ್ತೆಗೆ ಯಾವ ನಿಧಿ ಎಂದು ನೋಡಿದರೆ ಇದು ಅರ್ಥವಾಗುತ್ತದೆ.

ಜಿಎಸ್‌ಟಿ ರಸೀದಿ (ತುಮಕೂರು):

ಎಂಜಿನಿಯರ್ ಸಾರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಹಾಗಿದ್ದರೆ ನನ್ನ ಒಂದು ಷರತ್ತು. ನಿರ್ವಹಣೆಗೆ ಅಂತ ಬೇರೆ ಖಾತೆ ಇರಲಿ, ಅದನ್ನು ಬೇರೆ ಯಾವುದಕ್ಕೂ ತಿರುಗಿಸಬಾರದು. ರಸ್ತೆವಾರು ಖರ್ಚನ್ನು ಗ್ರಾಮ ಪಂಚಾಯ್ತಿ ಗೋಡೆಯ ಮೇಲೆ ಬರೆಯಲಿ. ಅಂಥ ಖಾತೆಗೆ ಇನ್ನೊಂದು ರೂಪಾಯಿ ಕೊಡಲು ನಾನು ತಯಾರಿದ್ದೇನೆ. ಮಿತಿಮೀರಿ ಹೇರುವ ಟಿಪ್ಪರ್‌ಗಳಿಂದ ವಸೂಲಾದ ದಂಡವೂ ಅಲ್ಲಿಗೇ ಹೋಗಲಿ.

ಸಿಲ್ಕ್‌ಬೋರ್ಡ್ ಸಿಗ್ನಲ್ (ಬೆಂಗಳೂರು):

ನಗರದವರ ಪಾಡೂ ಸ್ವಲ್ಪ ಕೇಳಿ. ಮೆಟ್ರೊ ದರವನ್ನು 2017ರ ನಂತರ ಮುಟ್ಟಿರಲಿಲ್ಲ, 2025ರ ಫೆಬ್ರವರಿ 9ರಂದು ಒಂದೇ ಏಟಿಗೆ ಏರಿಸಿದರು. ಗರಿಷ್ಠ ದರ 60ರಿಂದ 90 ರೂಪಾಯಿ. ಕೆಲವು ನಿಲ್ದಾಣಗಳ ನಡುವೆ ದುಪ್ಪಟ್ಟು. ಜನ ಸಿಟ್ಟಿಗೆದ್ದ ಮೇಲೆ ಏರಿಕೆ 71 ಶೇಕಡ ಮೀರದಂತೆ ಇಳಿಸಿದರು. ಯಾರನ್ನು ಕೇಳೋಣ ಅಂದರೆ, 2002ರ ಮೆಟ್ರೊ ಕಾಯ್ದೆಯ ಪ್ರಕಾರ ದರ ನಿಗದಿ ಸಮಿತಿಯ ಶಿಫಾರಸನ್ನು ನಿಗಮ ಪಾಲಿಸಲೇಬೇಕು. ರಾಜ್ಯ ಕೇಂದ್ರವನ್ನು ತೋರಿಸಿತು, ಕೇಂದ್ರ ರಾಜ್ಯವನ್ನು ತೋರಿಸಿತು. ಸಾಲ ತೀರಿಸುವ ಹೊರೆ, ನಡೆಸುವ ಖರ್ಚು ಎಲ್ಲ ಪ್ರಯಾಣಿಕನ ತಲೆ ಮೇಲೆ ಬಂದರೆ ಮಧ್ಯಮ ವರ್ಗದವನು ಸ್ಕೂಟರ್ ತೆಗೆಯುತ್ತಾನೆ. ಆಮೇಲೆ ರಸ್ತೆ ಸಾಲದು ಎಂದು ಹೆಬ್ಬಾಳದಿಂದ ಸಿಲ್ಕ್‌ಬೋರ್ಡ್‌ಗೆ 17 ಸಾವಿರ ಕೋಟಿಗೂ ಮಿಗಿಲಾದ ಸುರಂಗ ರಸ್ತೆಯ ಯೋಜನೆ. ಉಪನಗರ ರೈಲಿಗೆ 2020ರಲ್ಲೇ 15,767 ಕೋಟಿಗೆ ಒಪ್ಪಿಗೆ ಸಿಕ್ಕಿತು, 148 ಕಿಲೋಮೀಟರ್. ಅದು ಆಮೆವೇಗದಲ್ಲಿದೆ.

ಒಂದು ಎಲೆಕ್ಟ್ರಿಕ್ ಬಸ್ಸಿಗೆ ಒಂದೂವರೆ ಕೋಟಿ ಹಿಡಿದರೂ ಸುರಂಗದ ದುಡ್ಡಿನಲ್ಲಿ ಹನ್ನೊಂದು ಸಾವಿರ ಬಸ್ಸು ಬರುತ್ತವೆ. ಬಿಎಂಟಿಸಿಯ ಈಗಿನ ಇಡೀ ಬಳಗಕ್ಕಿಂತ ಅದೇ ಹೆಚ್ಚು.

ನಿವೃತ್ತ ನಿರ್ವಾಹಕ (ಗದಗ):

ತಮ್ಮಾ, ನಿನ್ನ ಸಿಟ್ಟು ಖರೇ ಐತಿ. ಆದ್ರ ಒಂದು ತಿದ್ದುಪಡಿ. ಬಸ್ ಕೊಳ್ಳೋದು ಸಣ್ಣ ಭಾಗ. ಹನ್ನೊಂದು ಸಾವಿರ ಬಸ್ಸಿಗೆ ಡ್ರೈವರ್ ಪಗಾರ, ಕರೆಂಟು, ಟೈರು, ಬಿಡಿಭಾಗ, ನಿಲ್ಲಸಾಕ ಡಿಪೊ ಜಾಗ, ಇದು ವರ್ಷಾ ವರ್ಷಾ ಬರೋ ಖರ್ಚು. ರಾಜಕೀಯದವರು ಬಸ್ಸಿಗೆ ಹಸಿರು ನಿಶಾನಿ ತೋರಿಸಿ ಹೋಗತಾರ, ಮೂರನೇ ವರ್ಷ ಬಿಡಿಭಾಗ ಇಲ್ಲದ ಗಾಡಿ ಡಿಪೊದಾಗ ನಿಲ್ಲತೈತಿ. ಕೇಳೋದಿದ್ರ ನಡಸೋ ಖರ್ಚು ಕೇಳ್ರಿ.

ಅದಕ್ಕ ದಾರಿ ಹೊಸದಾಗಿ ಹುಡುಕಬೇಕಿಲ್ಲ. ಖಾಸಗಿ ಕಂಪನಿಗಳ ಎಲೆಕ್ಟ್ರಿಕ್ ಬಸ್ ತಗೊಂಡಾಗ ನಿಗಮ ಅವರಿಗೆ ಕಿಲೋಮೀಟರ್ ಲೆಕ್ಕದಾಗ ರೊಕ್ಕ ಕೊಡತೈತಿ. ದಿನಕ್ಕ ಇಷ್ಟು ಕಿಲೋಮೀಟರ್ ಅಂತ ಖಾತ್ರಿನೂ ಕೊಡತೈತಿ. ಮಂದಿ ಹತ್ತಲಿ ಬಿಡಲಿ, ಓಡಿದಷ್ಟಕ್ಕ ರೊಕ್ಕ. 2023ರ ಪಿಎಂ ಇ-ಬಸ್ ಸೇವಾ ಯೋಜನಾದಾಗ ಕೇಂದ್ರ ಸರ್ಕಾರನೂ ಕಿಲೋಮೀಟರಿಗೆ ಇಷ್ಟು ಅಂತ ಸಹಾಯ ಕೊಡೋದೈತಿ. ಕಂಪನಿಗೆ ಆಗೋದು ನಮ್ಮ ಹಳ್ಳಿ ಟ್ರಿಪ್ಪಿಗೆ ಯಾಕ ಆಗಬಾರದು? ಈ ವಸ್ತಿ ಬಸ್, ಈ ಸಾಲಿ ಟ್ರಿಪ್ ಬೇಕೇ ಬೇಕು ಅಂತ ಜಿಲ್ಲಾಡಳಿತ ಪಟ್ಟಿ ಮಾಡಲಿ. ಆ ಪಟ್ಟಿಯೊಳಗಿನ ಕಿಲೋಮೀಟರಿಗೆ ಸರ್ಕಾರ ಪ್ರತಿ ತಿಂಗಳು ನಿಗಮಕ್ಕ ಕೊಡಲಿ. ಓಡದಿದ್ರ ಹಿಡೀಲಿ. ಆಗ ಡಿಪೊ ಮ್ಯಾನೇಜರ್ ಹಳ್ಳಿ ಟ್ರಿಪ್ ಕ್ಯಾನ್ಸಲ್ ಮಾಡೂ ಮೊದಲ ವಿಚಾರ ಮಾಡತಾನ.

ಸೇನ್ ದಂಡೆ (ಪ್ಯಾರಿಸ್):

ಧಾರವಾಡದಲ್ಲಿ ಓದಿ ಈಗ ಪ್ಯಾರಿಸ್ಸಿನಲ್ಲಿ ಕೆಲಸದಲ್ಲಿದ್ದೇನೆ. ಸಿಲ್ಕ್‌ಬೋರ್ಡ್‌ನವರಿಗೆ ಉಪಯೋಗವಾಗಬಹುದಾದ ಸಂಗತಿ ಒಂದಿದೆ. 1971ರಿಂದ ಇಲ್ಲಿ ಉದ್ಯೋಗದಾತರ ಮೇಲೆ ಸಾರಿಗೆ ತೆರಿಗೆ ಇದೆ. ಸಣ್ಣ ಅಂಗಡಿಗಳಿಗೆ ವಿನಾಯಿತಿ. ಉಳಿದ ಕಂಪನಿಗಳು ಕೊಡುವ ಒಟ್ಟು ಸಂಬಳದ ಇಂತಿಷ್ಟು ಶೇಕಡ ನೇರವಾಗಿ ಬಸ್ಸು, ಮೆಟ್ರೊ, ಉಪನಗರ ರೈಲಿನ ಖಾತೆಗೆ. ನೌಕರರು ಸಮಯಕ್ಕೆ ಬಂದರೆ ಲಾಭ ಕಂಪನಿಗೂ ತಾನೇ, ಅದಕ್ಕೇ ಅವರೂ ಕೊಡಬೇಕು ಎಂಬ ವಾದ. ದುಡ್ಡು ಪ್ರತಿ ವರ್ಷ ಬಂದೇ ಬರುತ್ತದೆ ಎಂದು ಗೊತ್ತಿರುವುದರಿಂದ ಹತ್ತು ವರ್ಷ ಮುಂದಿನ ಯೋಜನೆ ಹಾಕಬಹುದು.

ಬೆಂಗಳೂರಿನಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಕೋಣಪ್ಪನ ಅಗ್ರಹಾರ ಮೆಟ್ರೊ ನಿಲ್ದಾಣಕ್ಕೆ 200 ಕೋಟಿ ಕೊಡುವ ಒಪ್ಪಂದ ಮಾಡಿಕೊಂಡಿತು. ಒಳ್ಳೆಯದೇ. ಆದರೆ ಅದು ಇಷ್ಟಪಟ್ಟು ಕೊಟ್ಟ ದಾನ. ದಾನ ನಿಲ್ದಾಣ ಕಟ್ಟುತ್ತದೆ, ಪ್ರತಿ ಐದು ನಿಮಿಷಕ್ಕೆ ರೈಲು ಓಡಿಸುವುದಿಲ್ಲ.

ಜಿಎಸ್‌ಟಿ ರಸೀದಿ (ತುಮಕೂರು):

ಪ್ಯಾರಿಸ್‌ನ ಮಾದರಿಗೆ ನಮ್ಮಲ್ಲಿ ಹತ್ತಿರ ಬರುವುದು ವೃತ್ತಿ ತೆರಿಗೆ. ಆದರೆ ಸಂವಿಧಾನದ 276ನೇ ವಿಧಿ ಅದನ್ನು ವರ್ಷಕ್ಕೆ 2,500 ರೂಪಾಯಿಗೆ ಕಟ್ಟಿಹಾಕಿದೆ. ಆ ಮಿತಿ 1988ರ ತಿದ್ದುಪಡಿಯದ್ದು. ಲಕ್ಷಗಟ್ಟಲೆ ಸಂಬಳ ಇದ್ದವನಿಗೂ, ಇಪ್ಪತ್ತಾರು ಸಾವಿರದ ನನ್ನ ಕೆಲಸಗಾರನಿಗೂ ಒಂದೇ ಮೊತ್ತ. ಮಿತಿ ಬದಲಿಸಲು ಸಂಸತ್ತೇ ಬೇಕು. ದೊಡ್ಡ ಕಂಪನಿಗಳ ಮೇಲೆ ಬೇರೆ ದಾರಿ ಹುಡುಕುವುದಾದರೆ ನನ್ನಂಥ ಹತ್ತು ಜನರ ಘಟಕವನ್ನು ಅದರಿಂದ ಬಿಡಿ ಎಂಬುದೊಂದೇ ಕೋರಿಕೆ.

ಕಡಲಕರೆ (ಉಡುಪಿ ಜಿಲ್ಲೆ):

ನಮ್ಮ ಜಿಲ್ಲೆಯ ಸಂಗತಿ ಇಲ್ಲಿ ಯಾರೂ ಎತ್ತಲಿಲ್ಲ. ನಮ್ಮಲ್ಲಿ ಹೆಚ್ಚಿನ ಕಡೆ ಓಡುವುದು ಖಾಸಗಿ ಬಸ್ಸು. ಒಳ್ಳೆಯ ಸೇವೆಯೇ, ನಾವು ಅದನ್ನೇ ನಂಬಿದವರು. ಆದರೆ ಶಕ್ತಿ ಅದಕ್ಕೆ ಅನ್ವಯಿಸುವುದಿಲ್ಲ. ಸರ್ಕಾರಿ ಬಸ್ಸು ಬಾರದ ಊರಿನ ಗೇರುಬೀಜದ ಕಾರ್ಖಾನೆಯ ಹೆಂಗಸು ದಿನಾ ಟಿಕೆಟ್ ಕೊಡುತ್ತಾಳೆ, ಅವಳು ಕಟ್ಟುವ ತೆರಿಗೆ ಬೇರೆ ಊರಿನ ಟಿಕೆಟ್ಟಿಗೆ ಹೋಗುತ್ತದೆ. ನಿರ್ವಾಹಕರು ಹೇಳಿದ ಕಿಲೋಮೀಟರ್ ಲೆಕ್ಕ ಬಂದರೆ ಖಾಸಗಿ ಬಸ್ಸಿನವರಿಗೂ, ಕೊಪ್ಪದಂಥ ಸಹಕಾರ ಸಂಘಕ್ಕೂ ಅದೇ ಒಪ್ಪಂದ ಕೊಡಬಹುದು. 2020ರಲ್ಲಿ ಅಂಥದ್ದೊಂದು ಇದ್ದಿದ್ದರೆ ಕೊಪ್ಪದ ಬಸ್ಸುಗಳು ಈಗಲೂ ಓಡುತ್ತಿದ್ದವು ಎಂದೇ ನನ್ನ ನಂಬಿಕೆ.

ಇನ್ನೊಂದು, ಕಾಲುಸಂಕ, ಅಂದರೆ ಹಳ್ಳ ದಾಟಲು ಹಾಕುವ ಮರದ ಕಿರುಸೇತುವೆ. 2022ರ ಮಳೆಗಾಲದಲ್ಲಿ ಬೈಂದೂರು ಕಡೆ ಶಾಲೆಯಿಂದ ಬರುತ್ತಿದ್ದ ಪುಟ್ಟ ಹುಡುಗಿ ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಸಾವಿರಾರು ಕೋಟಿಯ ಮಾತಾಡುವಾಗ ಒಂದು ತೋಡಿಗೆ ಸಿಮೆಂಟಿನ ಸಣ್ಣ ಸೇತುವೆ, ಎರಡೂ ಬದಿ ಕೈಗಂಬಿ ಎಂಬ ಬೇಡಿಕೆ ಪಟ್ಟಿಯಲ್ಲಿ ಮೊದಲು ಇರಬೇಕು.

ತುಂಗಾತೀರ (ಕೊಪ್ಪ):

ಎಲ್ಲರಿಗೂ ನಮಸ್ಕಾರ. ಕಾಲುಸಂಕದ ಮಾತು ನಮ್ಮ ಶೃಂಗೇರಿ ಸೀಮೆಗೂ ಅಷ್ಟೇ ಸತ್ಯ. ಓದಿದ ಮೇಲೆ ನನಗೆ ಅನ್ನಿಸಿದ್ದು, ನಾವು ಕೇಳಬೇಕಾದದ್ದು ಎರಡೇ: ರಸ್ತೆ ನಿರ್ವಹಣೆಗೆ ತಿರುಗಿಸಲಾಗದ ಪ್ರತ್ಯೇಕ ಖಾತೆ, ಬೇಕೇಬೇಕಾದ ಟ್ರಿಪ್‌ಗಳಿಗೆ ಕಿಲೋಮೀಟರ್ ಲೆಕ್ಕದ ಹಣ. ತಾಲ್ಲೂಕಿನ ಕೆಡಿಪಿ (ಅಭಿವೃದ್ಧಿ ಕೆಲಸಗಳ ಪರಿಶೀಲನಾ) ಸಭೆಯಲ್ಲೂ ಗ್ಯಾರಂಟಿ ಅನುಷ್ಠಾನ ಸಮಿತಿಯಲ್ಲೂ ಇದನ್ನು ಇಡೋಣ. ‘ಬಸ್ಸು ಬರುತ್ತಿಲ್ಲ’ ಎಂದರೆ ಸಾಲದು, ದಾಖಲೆ ಬೇಕು. ಏನು ಕೇಳಬೇಕು, ಯಾರನ್ನು ಕೇಳಬೇಕು?

ನಿವೃತ್ತ ನಿರ್ವಾಹಕ (ಗದಗ):

ವಿಭಾಗೀಯ ನಿಯಂತ್ರಣಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕ್ರಿ. ನಿಮ್ಮ ಡಿಪೊ ಹೆಸರು ಬರದು, ಕಳೆದ ಒಂದು ವರ್ಷದ ತಿಂಗಳವಾರು ರದ್ದಾದ ಟ್ರಿಪ್, ಮಾರ್ಗದ ಹೆಸರು, ರದ್ದಿಗೆ ಕಾರಣ ಕೇಳ್ರಿ. ಡಿಪೊದಾಗ ಮಂಜೂರಾದ ಚಾಲಕರ ಹುದ್ದೆ ಎಷ್ಟು, ಖಾಲಿ ಎಷ್ಟು ಅಂತನೂ ಕೇಳ್ರಿ. ಕಾರಣದ ಕಾಲಂನ್ಯಾಗ ‘ಸಿಬ್ಬಂದಿ ಕೊರತೆ’ ಅಂತ ಎಷ್ಟು ಸಲ ಬರದಾರ ಅನ್ನೋದನ್ನ ಎಣಿಸ್ರಿ. ಆ ಕಾಗದ ಹಿಡಕೊಂಡು ಸಭೆಗೆ ಹೋದ್ರ ಯಾರೂ ಮಾತು ಹಾರಿಸಾಕ ಬರಂಗಿಲ್ಲ.

ಮೇಷ್ಟ್ರಮ್ಮ (ಯಾದಗಿರಿ ಜಿಲ್ಲೆ):

ಅಣ್ಣಾ, ಈ ಸೋಮವಾರ ನಾನೂ ಒಂದು ಅರ್ಜಿ ಹಾಕುತ್ತೇನೆ. ಜೊತೆಗೆ ಕಾಲೇಜು ಬಿಡುವ ಹೊತ್ತನ್ನೂ ಬಸ್ಸಿನ ವೇಳಾಪಟ್ಟಿಯನ್ನೂ ಅಕ್ಕಪಕ್ಕ ಬರೆದು ಪ್ರಾಂಶುಪಾಲರ ಸಹಿ ಮಾಡಿಸಿ ಲಗತ್ತಿಸುತ್ತೇನೆ. ಉತ್ತರ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ. ಬೇರೆ ತಾಲ್ಲೂಕಿನವರೂ ಹಾಕಿ.